ಕಾರ್ಡ್‌ಲೆಸ್ ಫೋನಿಗೆ ತೊಡಿಸಿದ ಕ್ರೋಶಾ ಅಂಗಿ

ನಿಮ್ಮ ಮನೆಯಲ್ಲೂ ವಸ್ತುಗಳಿಗೆ ಬಟ್ಟೆ ತೊಡಿಸುವ ಚಾಳಿ ಇತ್ತಾ? ಟಿವಿಗೆ ಜರಿ ಅಂಚಿನ ಪರದೆ, ಮಿಕ್ಸಿಗೆ ಫ್ರಿಲ್ಲಿನ ಲಂಗ, ಫ್ರಿಜ್ಜಿನ ಹಿಡಿಗೆ ಕೈಗವಸು, ರಿಮೋಟಿಗೆ ಪ್ಲಾಸ್ಟಿಕ್ ಕವರು? ಇತ್ತು ತಾನೆ? ಸರಿ, ಆ ಬಟ್ಟೆ ಮಾಡಿದ ತಪ್ಪಿಗೆ ನೀವು ಬೈಸಿಕೊಂಡದ್ದು ಉಂಟಾ?

ನಾನು ಬೈಸಿಕೊಂಡಿದ್ದೇನೆ. ನೆಂಟರ ಎದುರಿಗೇ ಬೈಸಿಕೊಂಡಿದ್ದೇನೆ. ಮೊನ್ನೆ ಮಗಳು ಹೊಸ ಮೊಬೈಲಿಗೆ ಹೂವಿನ ಚಿತ್ರದ ಕವರು ಹಾಕಿ "ಅಮ್ಮಾ, ಹೇಗಿದೆ?" ಅಂತ ಮುಂದೆ ಹಿಡಿದಳು. ಅವಳದೇನೂ ತಪ್ಪಿಲ್ಲ, ಪಾಪ. ಆದರೆ ನನಗೆ ಹಳೇ ಸಿಟ್ಟು ನೆತ್ತಿಗೇರಿತು. ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಭದ್ರಾವತಿಯ ಹುಡುಗಿ, ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬಂದದ್ದು ಶಿವಮೊಗ್ಗಕ್ಕೆ, ನವುಲೆ ಕಡೆಯ ಮನೆಗೆ. ಬಸ್ಸು ಹತ್ತಿದರೆ ಭದ್ರಾವತಿ ಎಷ್ಟು ದೂರ? ಹತ್ತಿ ಕೂತು ಒಂದು ಸಲ ತೂಕಡಿಸುವಷ್ಟರಲ್ಲಿ ಬಂದೇ ಬಿಡುತ್ತದೆ. ಆದರೆ ಸೊಸೆಯಾದವಳು ಆ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯುವ ಹಾಗಿಲ್ಲ. ಅತ್ತೆಯನ್ನು ಕೇಳಬೇಕು, ಅತ್ತೆ ಮಾವನನ್ನು ಕೇಳಬೇಕು, ಮಾವ "ಈಗೇನಂಥ ಅರ್ಜೆಂಟು?" ಅನ್ನಬೇಕು. ಮಗು ಬೇರೆ ಚಿಕ್ಕದು. ಹಾಗಾಗಿ ನನಗೂ ಅಮ್ಮನಿಗೂ ಉಳಿದದ್ದು ಭಾನುವಾರದ ಫೋನು. ತವರಲ್ಲಿ ಫೋನಿರಲಿಲ್ಲ. ಪಕ್ಕದ ಮನೆಯಲ್ಲಿತ್ತು. ಮಧ್ಯಾಹ್ನದ ನಿದ್ದೆ ಮುಗಿಸಿ ಆ ಮನೆಯ ಅಕ್ಕ ಬಾಗಿಲು ತೆರೆದ ಮೇಲೆ ಅಮ್ಮ ಅಲ್ಲಿಂದ ನನಗೆ ಮಾಡುತ್ತಿದ್ದಳು. ಬಿಲ್ಲು ತವರಿನದು. ನನ್ನ ಅತ್ತೆಮನೆಗೆ ಒಂದು ಪೈಸೆ ಖರ್ಚಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ ಹೇಳಬೇಕು. ತವರಲ್ಲಿ ನನ್ನದೊಂದು ಹೊಲಿಗೆ ಮಷೀನಿತ್ತು. ನನ್ನದು ಎಂದರೆ ನನ್ನದೇ. ಮದುವೆಗೆ ಮುಂಚೆ ಕ್ವಾರ್ಟರ್ಸಿನ ಅರ್ಧ ಹೆಂಗಸರ ಬ್ಲೌಸು ನನ್ನ ಕೈಯಲ್ಲೇ ಆಗುತ್ತಿದ್ದವು. ಅದನ್ನು ಶಿವಮೊಗ್ಗಕ್ಕೆ ತರಬೇಕು, ಮತ್ತೆ ಹೊಲಿಯಬೇಕು ಎಂಬುದೊಂದೇ ನನ್ನ ಹಟ. "ಈ ಮನೆ ಸೊಸೆ ಊರವರ ಬ್ಲೌಸ್ ಹೊಲೀಬೇಕಾ?" ಅಂತ ಮಾವ ತಳ್ಳಿಹಾಕುತ್ತಲೇ ಬಂದಿದ್ದರು.

ಮಾವನದು ಗಾಂಧಿ ಬಜಾರಿನಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಆ ವರ್ಷ ಮನೆಗೆ ಮಹಡಿ ಕಟ್ಟಿಸಿದರು. ಫೋನು ಕೆಳಗೆ ಹಾಲಿನಲ್ಲಿ, ಮಾವ ಮೇಲೆ. ಗಂಟೆ ಹೊಡೆದರೆ ಪಂಚೆ ಎತ್ತಿ ಹಿಡಿದು ಓಡಿ ಬರುವರು, ಕೊನೆಯ ಮೆಟ್ಟಿಲಿಗೆ ಬರುವಾಗ ಫೋನು ಸುಮ್ಮನಾಗುವುದು. ಆಮೇಲೆ ಮನೆಯವರಿಗೆಲ್ಲ ಮಂಗಳಾರತಿ. ಕಡೆಗೊಂದು ದಿನ ರೋಸಿ ಕಾರ್ಡ್‌ಲೆಸ್ ತಂದರು. ಹಳೇ ಫೋನು ಗೋಣಿಚೀಲದಲ್ಲಿ ಅಟ್ಟ ಸೇರಿತು.

ಅಂಗಡಿಯವನು ಹೇಳಿ ಕಳಿಸಿದ್ದ: ಮೊದಲು ಒಂದಿಡೀ ದಿನ ಚಾರ್ಜಿಗೆ ಇಡಬೇಕು, ಯಾರೂ ಎತ್ತಬಾರದು. ಮಾವ ಸ್ಟ್ಯಾಂಡನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ, ಹ್ಯಾಂಡ್‌ಸೆಟ್ಟನ್ನು ಅದರೊಳಗೆ ನಿಲ್ಲಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕಾವಲು ಕೂತರು. ಸ್ಟ್ಯಾಂಡಿನ ಮೂಲೆಯಲ್ಲಿ ಸಣ್ಣ ಕೆಂಪು ದೀಪ ಹತ್ತಿಕೊಂಡಿತ್ತು. ಮಾರನೇ ದಿನ ವಿಭೂತಿ ಬಳಿದು, ದಾಸವಾಳ ಇಟ್ಟು, ಏರಿಯಲ್ ಎಳೆದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ನೇರ ಟೆರೇಸಿಗೆ ಹೋಗಿ ಕುಂಸಿಯ ಅಕ್ಕನಿಗೆ ಮಾಡಿದರು.

"ಅಕ್ಕಾ, ನಾನು ಟೆರೇಸಿಂದ ಮಾತಾಡ್ತಿದೀನಿ ಕಣೇ! ವೈರೇ ಇಲ್ಲ! ಸಂಡಿಗೆ ಪಕ್ಕ ನಿಂತ್ಕೊಂಡಿದೀನಿ!"

ಕೆಳಗಿನಿಂದ ಮಾವ ಕೂಗಿದರು. "ಅಷ್ಟು ಜೋರಾಗಿ ಕಿರುಚಿದ್ರೆ ಫೋನ್ ಯಾಕೆ ಮಾರಾಯ್ತಿ, ಕುಂಸಿಗೆ ಹಾಗೇ ಕೇಳುತ್ತೆ!"

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಆ ಫೋನಿನಿಂದ ನಾನು ನಕ್ಕದ್ದು ಅದೊಂದೇ ಸಲ.

ಆ ಹೊತ್ತಿಗೆ ನಾದಿನಿಗೆ ಗಂಡು ಹುಡುಕುತ್ತಿದ್ದರು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮನೆಯ ಹಾಲು ಹೇಗಿರುತ್ತದೆ ಎಂದು ನಿಮಗೆ ಗೊತ್ತಲ್ಲ. ಹುಡುಗಿ ಹಾಕಿದ ಕಸೂತಿ, ಹುಡುಗಿ ಮಾಡಿದ ಮಣಿ ಗಿಳಿ, ಹುಡುಗಿ ಹೆಣೆದ ಬಾಗಿಲ ತೋರಣ, ಎಲ್ಲ ಕಣ್ಣಿಗೆ ಬೀಳುವ ಹಾಗೆ ಜೋಡಿಸಿರುತ್ತಾರೆ. ಹಾಲಿನಲ್ಲಿ ಎಲ್ಲಕ್ಕಿಂತ ಹೊಸ ಸಾಮಾನು ಈ ಫೋನು. ಅದನ್ನು ಬರಿಮೈಯಲ್ಲಿ ಬಿಡುವುದುಂಟೇ? ನಾದಿನಿ ಕ್ರೋಶಾ ಕಡ್ಡಿ ಹಿಡಿದು ಕೂತು ಹ್ಯಾಂಡ್‌ಸೆಟ್ಟಿಗೊಂದು ಅಂಗಿ ಹೆಣೆದಳು. ತಿಳಿಗುಲಾಬಿ ದಾರ, ನಂಬರ್ ಒತ್ತುವ ಕಡೆ ಪ್ಲಾಸ್ಟಿಕ್ ಹಾಳೆಯ ಕಿಟಕಿ, ಮೇಲಿಂದ ಏರಿಯಲ್ ಹೊರಬರಲು ತೂತು, ಕೆಳಗೆ ದಟ್ಟವಾಗಿ ಹೆಣೆದು ಮುಚ್ಚಿದ ತಳ. ಚೆನ್ನಾಗಿಯೇ ಇತ್ತು. ಕೈಕೆಲಸದಲ್ಲಿ ನಾನು ಸುಳ್ಳು ಹೇಳುವುದಿಲ್ಲ.

ಅಂಗಿ ತೊಡಿಸಿ ಸ್ಟ್ಯಾಂಡಿಗಿಟ್ಟರು. ಕೆಂಪು ದೀಪ ಹತ್ತಲಿಲ್ಲ.

"ದೀಪ ಯಾಕೆ ಹತ್ತಲಿಲ್ಲ ಅಪ್ಪಾ?" ಎಂದು ನಾದಿನಿ ಕೇಳಿದಳು.

"ಹೊಟ್ಟೆ ತುಂಬಿದೆ ಅದಕ್ಕೆ. ತುಂಬಿದ ಮೇಲೆ ದೀಪ ಆರಬೇಕು. ಇಲ್ಲಾಂದ್ರೆ ಕರೆಂಟ್ ವೇಸ್ಟ್ ಅಲ್ವಾ?" ಎಂದರು ಮಾವ.

ಯಾರು ಹೇಳಿದ್ದು ಇದನ್ನು? ಯಾರೂ ಇಲ್ಲ. ಮಾವನಿಗೆ ಹೊಳೆಯಿತು, ಅಷ್ಟೇ. ಆ ಮನೆಯಲ್ಲಿ ಮಾವನಿಗೆ ಹೊಳೆದದ್ದೆಲ್ಲ ಶಾಸ್ತ್ರ. ಅಂದಿನಿಂದ ದೀಪ ಹತ್ತಿದರೆ ಫೋನು ಊಟ ಮಾಡುತ್ತಿದೆ, ಹತ್ತದಿದ್ದರೆ ಹೊಟ್ಟೆ ತುಂಬಿದೆ. ಹೆಣಿಗೆಯ ಸಂದಿನಲ್ಲಿ ಹ್ಯಾಂಡ್‌ಸೆಟ್ಟಿನ ತಳದ ಲೋಹದ ಕಂಬಿ ಅಪ್ಪಿತಪ್ಪಿ ಸ್ಟ್ಯಾಂಡಿಗೆ ತಾಗಿದ ದಿನ ಒಂದಿಷ್ಟು ಚಾರ್ಜು ಏರುತ್ತಿತ್ತು, ತಾಗದ ದಿನ ಇಲ್ಲ. ಇದು ಈಗ ಗೊತ್ತಿರುವ ಮಾತು. ಆಗ ಗೊತ್ತಾದದ್ದು ಒಂದೇ: ಮಾತಿನ ಮಧ್ಯೆ ಫೋನು ಪೀಪ್ ಪೀಪ್ ಎಂದು ಅತ್ತು ಸಾಯುತ್ತದೆ.

ಮಾವ ಅಂಗಡಿಯ ಮಾತು ಎರಡು ಗುಟುಕಿನಲ್ಲಿ ಮುಗಿಸುವವರು. ಅತ್ತೆ ಮಾತಾಡುವುದು ಕುಂಸಿಗೆ, ಅದೂ ಬಿಲ್ಲಿನ ಭಯದಲ್ಲಿ. ಮನಸ್ಸು ಬಿಚ್ಚಿ ಮಾತಾಡುತ್ತಿದ್ದವಳು ನಾನೊಬ್ಬಳೇ, ವಾರಕ್ಕೊಮ್ಮೆ. ಹಾಗಾಗಿ ಫೋನು ಸತ್ತದ್ದು ಹೆಚ್ಚಾಗಿ ನನ್ನ ಕಿವಿಯಲ್ಲೇ.

"ತವರಿಗೆ ಮಾತಾಡಿ ಮಾತಾಡಿ ಬ್ಯಾಟರಿ ಹೀರ್ಕೊಂಡ್ ಬಿಡ್ತಾಳೆ," ಎಂದರು ಅತ್ತೆ.

"ನಾನು ಈಗಷ್ಟೇ ಹಲೋ ಅಂದೆ ಅತ್ತೆ."

"ನಿನ್ ಹಲೋನೇ ಅಷ್ಟುದ್ದ ಇರುತ್ತೆ ಬಿಡು."

ಬಿಲ್ಲಿಗೆ ಬೈಯುವ ಹಾಗಿರಲಿಲ್ಲವಲ್ಲ, ಚಾರ್ಜಿಗೆ ಬೈದರು. ಸೊಸೆಯ ಸುಖಕ್ಕೆ ಯಾವುದಾದರೂ ಒಂದು ಲೆಕ್ಕದಲ್ಲಿ ಬೆಲೆ ಕಟ್ಟಲೇಬೇಕು ನೋಡಿ! ಆಮೇಲೆ ಚಾರ್ಜು ಉಳಿಸುವ ನೆಪದಲ್ಲಿ ಶನಿವಾರವೇ ಹ್ಯಾಂಡ್‌ಸೆಟ್ಟು ಅತ್ತೆಯ ಕೋಣೆ ಸೇರತೊಡಗಿತು. ಭಾನುವಾರ ನನ್ನ ಕೈಗೆ ಕೊಟ್ಟು ಬಾಗಿಲಲ್ಲೇ ನಿಲ್ಲುವರು. ನಾನು ಮಾತಾಡುವುದು, ಅವರು ನನ್ನ ಬಾಯನ್ನೇ ನೋಡುವುದು. ಗಂಡನಿಗೆ ಹೇಳಿದರೆ ಪೇಪರಿನ ಹಿಂದಿನಿಂದ ಉತ್ತರ. "ಬಿಡೇ, ಅವ್ರು ಹಾಗೇ."

ಹೀಗಿರುವಾಗ ಒಂದು ವಾರ ಏನಾಯಿತು ಗೊತ್ತಾ? ಮಾವ ಒಪ್ಪಿಬಿಟ್ಟರು! "ಮಹಡಿ ಹಿಂದಿನ ರೂಮ್ ಖಾಲಿ ಇದೆ. ಮಷೀನ್ ತಂದಿಟ್ಕೋ, ಬೋರ್ಡ್ ಗೀರ್ಡ್ ಹಾಕೋ ಹಾಗಿಲ್ಲ," ಎಂದರು. ಭಾನುವಾರ ಅಮ್ಮನಿಗೆ ಹೇಳುವುದನ್ನೇ ಕಾಯುತ್ತಿದ್ದೆ.

ಅದೇ ಭಾನುವಾರ ಸಂಜೆ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ನಾನು ಕೇಸರಿಬಾತು ಒಲೆಯಿಂದ ಇಳಿಸುತ್ತಿದ್ದೆ. ಫೋನು ಬಂತು. ಅತ್ತೆ ತಂದು ಕೊಟ್ಟು "ಬೇಗ" ಎಂದರು.

ಅಮ್ಮನ ಧ್ವನಿ ಎಂದಿನಂತಿರಲಿಲ್ಲ. "ಅಪ್ಪ ಕೆಲಸ ಬಿಟ್ರು ಕಣೇ. ಬೇಗ ರಿಟೈರ್ ಆಗೋರಿಗೆ ಅವಕಾಶ ಕೊಟ್ಟಿದ್ರಲ್ಲ, ಬರ್ಕೊಟ್ಬಿಟ್ರು. ಕ್ವಾರ್ಟರ್ಸ್ ಬಿಡ್ಬೇಕಲ್ಲ, ಇಲ್ಲೇ ಹಳೇನಗರದಲ್ಲಿ ಒಂದು ರೂಮಿನ ಮನೆ ನೋಡಿದೀವಿ. ನಾಳೆ ಬೆಳಿಗ್ಗೆ ಲಾರಿ ಬರುತ್ತೆ. ಅಲ್ಲಿ ಕಾಲಿಡೋಕೂ ಜಾಗ ಇಲ್ಲ. ನಿನ್ ಮಷೀನ್ ಏನ್ ಮಾಡ್ಲಿ? ನಿಂಗೆ ಬೇಕಾ, ಇಲ್ಲ ಯಾರಿಗಾದ್ರೂ..."

ಪೀಪ್. ಪೀಪ್.

"ಬೇಕಮ್ಮಾ! ಕಳಿಸು! ಮಾವ ಒಪ್ಪಿದಾರೆ!" ನಾನು ಸತ್ತ ಪ್ಲಾಸ್ಟಿಕ್ಕಿಗೆ ಹೇಳುತ್ತಿದ್ದೆ.

ಅಷ್ಟರಲ್ಲಿ ಗೇಟಿನ ಸದ್ದು. ಗಂಡಿನ ಕಡೆಯವರು ಬಂದರು. ಅತ್ತೆ ನನ್ನ ಕೈಯಿಂದ ಹ್ಯಾಂಡ್‌ಸೆಟ್ಟು ಕಿತ್ತುಕೊಂಡು ಅಂಗಿ ಸರಿ ಮಾಡಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ನೆಂಟರು ಕೂತರು. ಹುಡುಗನ ತಾಯಿ ಸುತ್ತ ಕಣ್ಣಾಡಿಸಿ ಫೋನನ್ನು ಕಂಡು "ಅಯ್ಯೋ, ಎಷ್ಟು ಚೆಂದ! ಹುಡುಗಿ ಹಾಕಿದ್ದಾ?" ಎಂದರು. ಅತ್ತೆಯ ಮುಖ ಊರಗಲ ಆಯಿತು.

ಆಗಲೇ ಫೋನು ಹೊಡೆಯತೊಡಗಿತು. ಗಂಟೆ ಇದ್ದದ್ದು ಸ್ಟ್ಯಾಂಡಿನಲ್ಲಿ, ಅದಕ್ಕೆ ಗೋಡೆಯ ಕರೆಂಟು. ಅದು ಹೊಡೆಯುತ್ತದೆ. ಎತ್ತಿ ಮಾತಾಡಬೇಕಾದದ್ದು ಹ್ಯಾಂಡ್‌ಸೆಟ್ಟಿನಲ್ಲಿ, ಅದು ಹೆಣ. ನಾನು ಕೇಸರಿಬಾತಿನ ತಟ್ಟೆ ಹಿಡಿದು ನಡುಮನೆಯಲ್ಲಿ ನಿಂತಿದ್ದೇನೆ. ಆ ತುದಿಯಲ್ಲಿ ಅಮ್ಮ. ಅಮ್ಮನೇ ಎಂದು ನನಗೆ ಗೊತ್ತು. ಗಂಟೆ ಹೊಡೆಯುತ್ತಲೇ ಇದೆ, ನಿಂತಿತು, ಮತ್ತೆ ಶುರುವಾಯಿತು.

"ಎತ್ತೋದಿಲ್ವಾ?" ಎಂದು ಕೇಳಿದರು ಹುಡುಗನ ತಂದೆ.

ಮಾವ ನಕ್ಕರು. "ಚಾರ್ಜ್ ಇಲ್ಲ ಸಾರ್. ನಮ್ ಸೊಸೆ ಇದಾಳಲ್ಲ, ತವರು ಮನೆ ಪುರಾಣ ಓದಿ ಓದಿ ಖಾಲಿ ಮಾಡಿಟ್ಟಿರ್ತಾಳೆ."

ಎಲ್ಲರೂ ನಕ್ಕರು. ಆ ನಗುವಿನಲ್ಲಿ ನನ್ನ ಗಂಡನದೂ ಇತ್ತು.

ಅಡುಗೆಮನೆಯಲ್ಲಿ ಅತ್ತೆಯನ್ನು ಬೇಡಿದೆ. "ಅಟ್ಟದ ಮೇಲಿನ ಹಳೇ ಫೋನ್ ಸಿಕ್ಕಿಸ್ತೀನಿ ಅತ್ತೆ. ಇಲ್ದಿದ್ರೆ ಎಸ್‌ಟಿಡಿ ಬೂತಿಗಾದ್ರೂ ಹೋಗಿ ಬರ್ತೀನಿ."

"ನೆಂಟರನ್ನ ಕೂರಿಸ್ಕೊಂಡು ಅಟ್ಟ ಹತ್ತಿ ಧೂಳು ಬೀಳಿಸ್ತೀಯಾ? ದೀಪ ಹಚ್ಚೋ ಹೊತ್ತಲ್ಲಿ ಮನೆ ಸೊಸೆ ರಸ್ತೆಗೆ ಹೋಗ್ತಾಳಾ? ನಾಳೆ ಮಾಡಿದ್ರೆ ನಿಮ್ಮಮ್ಮ ಎಲ್ಲಿ ಓಡಿ ಹೋಗ್ತಾರೆ?"

ಓಡಿ ಹೋದರು. ಲಾರಿಯಲ್ಲಿ. ಬೆಳಿಗ್ಗೆ ತಿಂಡಿ ಪಾತ್ರೆ ತೊಳೆದಿಟ್ಟು, ಸೊಪ್ಪು ತರುವ ನೆಪದಲ್ಲಿ ಬೂತಿಗೆ ಹೋಗಿ ಪಕ್ಕದ ಮನೆಗೆ ಮಾಡಿದೆ. ಆ ಅಕ್ಕ ತಮಿಳಿನವರು, ಅವರ ಕನ್ನಡದಲ್ಲಿ ಯಾವಾಗಲೂ ಒಂದು ಅಕ್ಕರೆ ಇರುತ್ತಿತ್ತು.

"ಅಯ್ಯೋ, ಈಗ ತಾನೇ ಲಾರಿ ಹೋಯ್ತು ಮಾ. ಅಮ್ಮ ನಿನ್ನೆ ಎಷ್ಟು ಸಲ ಮಾಡ್ತು! ನೀನು ಎತ್ತಲೇ ಇಲ್ಲ. ಮಷೀನ್ ಆ ಕೊನೇ ಲೈನ್ ಮನೆಯವರಿಗೆ ಕೊಟ್ಬಿಡ್ತು. ಊರಿಗೆ ಹೋಗ್ತಾ ಇದ್ರು ಅವ್ರು, ಅವ್ರ ಸಾಮಾನಿನ ಲಾರೀಲೇ ಹಾಕ್ಕೊಂಡು ಹೋದ್ರು."

ಆಮೇಲೆ ಹಳೇನಗರದ ಮನೆಗೆ ಹೋದಾಗ ಅಮ್ಮನನ್ನು ಕೇಳಿದೆ. ಬೈಯಲಿಲ್ಲ ಅವಳು. ಅದೇ ನನಗೆ ತಡೆಯಲಾಗದ್ದು. "ಮಷೀನ್ ಅಂದ ತಕ್ಷಣ ನೀನು ಫೋನ್ ಇಟ್ಬಿಟ್ಟೆ, ಆಮೇಲೆ ಎತ್ತಲೂ ಇಲ್ಲ. ಅತ್ತೆ ಪಕ್ಕದಲ್ಲಿದ್ರೇನೋ, ಮನೇಲಿ ಬೇಡ ಅಂತಾರೆ ಅಂತ ಹೇಳೋಕಾಗ್ದೆ ಇಟ್ಬಿಟ್ಟೆ ಅಂದ್ಕೊಂಡೆ. ನಿಂಗ್ಯಾಕೆ ಕಷ್ಟ ಕೊಡ್ಬೇಕು ಅಂತ ಕೊಟ್ಬಿಟ್ಟೆ," ಎಂದಳು.

ಗೌರಿ ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಅತ್ತೆ ಎಲ್ಲ ಅಂಗಿಗಳನ್ನೂ ಸೋಪಿನ ನೀರಿಗೆ ಹಾಕಿದರು. ಮಿಕ್ಸಿಯ ಲಂಗ, ಟಿವಿಯ ಪರದೆ, ಫೋನಿನ ಅಂಗಿ, ಎಲ್ಲ ತಂತಿಯ ಮೇಲೆ ಸಾಲಾಗಿ ಜೋತಾಡುತ್ತಿದ್ದವು. ಬರಿಮೈ ಹ್ಯಾಂಡ್‌ಸೆಟ್ಟನ್ನು ನಾನು ಒರೆಸಿ ಸ್ಟ್ಯಾಂಡಿಗಿಟ್ಟೆ. ಕೆಂಪು ದೀಪ ಹತ್ತಿತು. ತೆಗೆದೆ, ಆರಿತು. ಇಟ್ಟೆ, ಹತ್ತಿತು. ತಂತಿಯ ಮೇಲಿದ್ದ ಅಂಗಿಯನ್ನು ಒದ್ದೆಯಲ್ಲೇ ಕಿತ್ತು ತಂದೆ. ಒದ್ದೆ ಬಟ್ಟೆ ಕರೆಂಟಿಗೆ ಒಡ್ಡುವಷ್ಟು ಪೆದ್ದಿ ನಾನಲ್ಲ, ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒಣಗಿಸಿ ತೊಡಿಸಿ ಇಟ್ಟೆ. ದೀಪ ಇಲ್ಲ.

ಎಲ್ಲರನ್ನೂ ಹಾಲಿಗೆ ಕರೆದೆ. ಅಂಗಿ ಹಾಕಿ ತೋರಿಸಿದೆ, ತೆಗೆದು ತೋರಿಸಿದೆ.

"ನೋಡಿ ಮಾವ. ಅಂಗಿ ಇದ್ರೆ ಚಾರ್ಜೇ ಆಗಲ್ಲ. ಇಷ್ಟು ದಿನ ಬ್ಯಾಟರಿ ನಾನು ತಿಂದಿದ್ದಲ್ಲ."

ಮೊದಲು ಬಾಯಿ ಬಿಟ್ಟವರು ಅತ್ತೆ. "ನನ್ ಮಗಳ ಕೈಕೆಲಸ ಕಂಡ್ರೆ ನಿಂಗ್ಯಾಕಷ್ಟು ಹೊಟ್ಟೆಕಿಚ್ಚು? ಅದನ್ನ ನೋಡೇ ಆ ಸಂಬಂಧ ಕುದುರಿದ್ದು!"

ನಾದಿನಿ ನೆಲ ನೋಡುತ್ತಿದ್ದಳು. ಗಂಡ ಗಡಿಯಾರ ನೋಡುತ್ತಿದ್ದ. ಮಾವ ಬಗ್ಗಿ ತಾವೇ ಎರಡು ಸಲ ಇಟ್ಟು ತೆಗೆದು ಪರೀಕ್ಷೆ ಮಾಡಿದರು. "ಓಹೋ, ತಳದಲ್ಲಿ ಒಂದು ತೂತು ಬೇಕಾಗಿತ್ತು, ಅಷ್ಟೇ," ಎಂದರು. ಬ್ಲೇಡು ತರಿಸಿ ತಳದ ಹೆಣಿಗೆಯನ್ನು ದುಂಡಗೆ ಕತ್ತರಿಸಿದರು. ಅಷ್ಟೇ! ನನ್ನ ಭಾನುವಾರಗಳು, ನೆಂಟರ ನಗು, ನನ್ನ ಮಷೀನು, ಎಲ್ಲದಕ್ಕೂ ಸೇರಿ ಒಂದು ತೂತು. "ನಿನ್ನನ್ನ ಸುಮ್ನೆ ಬೈದ್ವಲ್ಲ" ಎಂಬ ಮೂರು ಪದ ಆ ಹಾಲಿನಲ್ಲಿದ್ದ ಒಂದು ಬಾಯಿಯಿಂದಲೂ ಬರಲಿಲ್ಲ.

ಬಂದದ್ದು ಬೇರೆ ಮಾತು. ಅತ್ತೆ ಆ ಅಂಗಿಯನ್ನು ನನ್ನ ಮುಂದೆ ಹಿಡಿದರು. "ಕತ್ತರಿಸಿದ ಕಡೆ ದಾರ ಬಿಟ್ಕೊಳ್ತಿದೆ. ನಿಂಗೆ ಹೊಲಿಗೆ ಬರುತ್ತಲ್ಲ, ಅಂಚು ಹೊಲಿದು ಕೊಡು."

ನಿಜವಾಗಿ. ನನ್ನನ್ನೇ ಕೇಳಿದರು.

"ಮಷೀನ್ ಇಲ್ವಲ್ಲ ಅತ್ತೆ," ಎಂದೆ.

"ಕೈಯಲ್ಲಿ ಹಾಕು."

"ಕೈಯೂ ಇಲ್ಲ," ಎಂದು ಹೇಳಿ ಒಳಗೆ ಹೋದೆ. ಆ ಮನೆಯಲ್ಲಿ ನಾನು ಆಡಿದ ಮೊದಲ ಎದುರುತ್ತರ ಅದು. ಅವತ್ತೇ ಏಣಿ ಹಾಕಿ ಅಟ್ಟ ಹತ್ತಿ ಹಳೇ ಫೋನು ಇಳಿಸಿದೆ. ಮಾರನೇ ಭಾನುವಾರದಿಂದ ಮಧ್ಯಾಹ್ನ ನಾನೇ ವೈರು ಕಿತ್ತು ಹಳೆಯದನ್ನು ಸಿಕ್ಕಿಸುತ್ತಿದ್ದೆ. ಅಮ್ಮ ಈಗ ಹಳೇನಗರದ ಬೂತಿನಿಂದ ಮಾಡುತ್ತಿದ್ದಳು. ಯಾರೂ ಬಾಗಿಲಲ್ಲಿ ನಿಲ್ಲಲಿಲ್ಲ.

ಕ್ರೋಶಾ ಹೆಣಿಗೆಯ ಗುಣ ಬಲ್ಲವರಿಗೆ ಗೊತ್ತು, ಒಮ್ಮೆ ಕತ್ತರಿಸಿದರೆ ಅದು ನಿಲ್ಲುವುದಿಲ್ಲ. ಆ ಅಂಗಿ ತಳದಿಂದ ಬಿಚ್ಚಿಕೊಳ್ಳುತ್ತ, ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಾನು ದಿನಾ ಅದರ ಪಕ್ಕವೇ ಕಸ ಗುಡಿಸಿದೆ. ಗುಲಾಬಿ ದಾರ ಪೊರಕೆಗೆ ಸಿಕ್ಕಿಕೊಳ್ಳುತ್ತಿತ್ತು. ಒಂದೇ ಒಂದು ಗಂಟು ಹಾಕಿದ್ದರೆ ನಿಲ್ಲುತ್ತಿತ್ತು. ಹಾಕಲಿಲ್ಲ.

ಆಮೇಲೆ ಯಾರೂ ಇನ್ನೊಂದು ಮಷೀನಿನ ಮಾತೆತ್ತಲಿಲ್ಲ. ಮಹಡಿಯ ಹಿಂದಿನ ರೂಮು ಪಾತ್ರೆಯ ಗೋದಾಮಾಯಿತು.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಫೋನು, ಮಿಕ್ಸಿ, ಗ್ರೈಂಡರು ಯಾವ ಕೆಲಸ ಕೆಡಿಸಿ ಯಾರ ತಲೆಗೆ ಕಟ್ಟಿತು? ನಿಜ ಗೊತ್ತಾದ ಮೇಲೆ ಯಾರಾದರೂ ಬಾಯಿಬಿಟ್ಟು "ತಪ್ಪಾಯ್ತು" ಎಂದರಾ? ಕೆಳಗೆ ಕಾಮೆಂಟಿನಲ್ಲಿ ಬರೆಯಿರಿ. ಸಿಟ್ಟಿದ್ದರೆ ಸಿಟ್ಟಿನಲ್ಲೇ ಬರೆಯಿರಿ, ನಾನು ಒಂದೊಂದನ್ನೂ ಓದುತ್ತೇನೆ.