ಕಾರಿನ ಆಯಿಲ್ ಮತ್ತು ಆ ಮೂರು ದಿನ

ನಾನು ಹತ್ತನೇ ತರಗತಿ ಪಾಸಾದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಆ ವರ್ಷವೇ, ದಸರಾ ಮುಗಿದ ಮೇಲೆ, ಇದು ನಡೆಯಿತು. ಈಗ ಮೂರು ವರ್ಷವಾಯಿತು.

ಕಮಲಾಪುರದಲ್ಲಿ ರಸ್ತೆಗೆ ಹತ್ತಿಕೊಂಡೇ ನನ್ನದೊಂದು ಬೈಕ್ ರಿಪೇರಿ ಅಂಗಡಿ ಇದೆ. ಮಲ್ಲಿನಾಥ ಎಂಬವನು ಅಲ್ಲಿ ನನ್ನ ಕೈಯಲ್ಲೇ ಆರು ವರ್ಷ ಕೆಲಸ ಕಲಿತ. ನನ್ನನ್ನು ಉಸ್ತಾದ್ ಎಂದೇ ಕರೆಯುತ್ತಿದ್ದ. ಆಮೇಲೆ ಕಲಬುರಗಿಗೆ ಹೋಗಿ ಜಗತ್ ಸರ್ಕಲ್ ಹಿಂದಿನ ಓಣಿಯಲ್ಲಿ ಸ್ವಂತ ಗ್ಯಾರೇಜ್ ಹಾಕಿದ. ಪೂಜೆಯ ದಿನ ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಬೈಕನ್ನು ಎದೆಯ ಮಟ್ಟಕ್ಕೆ ಎತ್ತುವ ಮೇಜು, ಗೋಡೆಗೆ ಅಳತೆಯ ಪ್ರಕಾರ ಸಾಲಾಗಿ ತೂಗುಹಾಕಿದ ಪಾನಾ-ಸ್ಪ್ಯಾನರುಗಳು. ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಡತಿ, ಅವನ ಗ್ಯಾರೇಜಿನ ನೆಲದ ಮೇಲೆ ರೊಟ್ಟಿ ಇಟ್ಟುಕೊಂಡು ಉಣ್ಣಬಹುದು ಎಂದಳು. ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಹೊಟ್ಟೆಕಿಚ್ಚು ಶುರುವಾದದ್ದು ಅಂದೇ. ನಮ್ಮೂರಿನವರೇ ನನ್ನ ಅಂಗಡಿ ದಾಟಿ ಅವನ ಕಡೆ ಬೈಕ್ ಒಯ್ಯತೊಡಗಿದ ಮೇಲೆ ಅದು ಇನ್ನೂ ಹೆಚ್ಚಾಯಿತು.

ಆಗ ನಮ್ಮೂರಿನ ಬಾಳೆತೋಟದ ಸಾವ್ಕಾರರೊಬ್ಬರು ಹೈದರಾಬಾದಿನಿಂದ ಹಳೆಯ ಎಟಿವಿ ಒಂದನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ನಾಲ್ಕು ದಪ್ಪ ಗಾಲಿ, ಬೈಕಿನಂಥ ಹ್ಯಾಂಡಲ್, ಕೈಯಲ್ಲಿ ಹಿಡಿಯುವ ಕ್ಲಚ್. ರೇಸಿಗೆ ಓಡಿಸುವ ಜಾತಿಯದು, ಹದಿನೈದು ವರ್ಷ ಹಳೆಯದು. ಎಂಜಿನ್ ಶುರುವಾಗುತ್ತಿರಲಿಲ್ಲ. ಅದನ್ನು ನನ್ನ ಅಂಗಡಿಯ ಮುಂದೆ ಇಳಿಸಿದಾಗ ನನ್ನ ಮನಸ್ಸಿಗೆ ಬಂದ ಮೊದಲ ಮಾತು, ಇಂಥದ್ದು ಮಲ್ಲಿನಾಥನ ಗ್ಯಾರೇಜಿಗೆ ಬಂದಿಲ್ಲ ಎಂಬುದು.

ನಾಲ್ಕು ದಿನ ಅದರ ಹಿಂದೆ ಬಿದ್ದೆ. ಕಾರ್ಬ್ಯುರೇಟರ್ ಒಳಗೆ ಹಳೆಯ ಪೆಟ್ರೋಲ್ ಅಂಟಿನ ಹಾಗೆ ಗಟ್ಟಿಯಾಗಿತ್ತು. ಅದನ್ನು ತೊಳೆದೆ, ಟ್ಯಾಪೆಟ್ ಹೊಂದಿಸಿದೆ, ಪ್ಲಗ್ ಬದಲಿಸಿದೆ. ಐದನೆಯ ದಿನ ಎಂಜಿನ್ ಎದ್ದಿತು. ಸಪ್ಪಳಕ್ಕೆ ಬಸ್ ನಿಲ್ದಾಣದ ಮಂದಿಯೆಲ್ಲ ಬಂದು ನಿಂತರು. ಹಳೆಯ ಆಯಿಲ್ ಸುಟ್ಟು ಕರ್ರಗಾಗಿತ್ತು. ಹೊಸದು ತರಲು ನಾನೇ ಕಲಬುರಗಿಗೆ ಹೋದೆ. ನಾಲ್ಕು ಗಾಲಿಯ ಗಾಡಿ, ಇಷ್ಟು ದೊಡ್ಡ ಎಂಜಿನ್, ಇದಕ್ಕೆ ಬೈಕಿನ ಆಯಿಲ್ ಹಾಕುವುದೇ ಎಂದುಕೊಂಡು ಕಾರಿಗೆ ಹಾಕುವ ಆಯಿಲ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ತಂದು ಹಾಕಿದೆ.

ಮರುದಿನ ತೋಟದ ಏರಿನಲ್ಲಿ ಗಾಡಿ ನಿಂತಿತು. ಎಂಜಿನ್ ಒದರುತ್ತದೆ, ಗಾಲಿ ತಿರುಗುವುದಿಲ್ಲ. ಕ್ಲಚ್ ಸ್ಲಿಪ್ ಆಗುತ್ತಿತ್ತು. ಕೇಬಲ್ ಸಡಿಲು ಮಾಡಿದೆ. ಕ್ಲಚ್ ಬಿಚ್ಚಿ ಪ್ಲೇಟುಗಳನ್ನು ಎಮರಿ ಪೇಪರಿನಿಂದ ಉಜ್ಜಿದೆ. ಸ್ಪ್ರಿಂಗ್ ಬಿಗಿಯಾಗಲೆಂದು ಕೆಳಗೆ ವಾಷರ್ ಕೊಟ್ಟೆ. ಯಾವುದಕ್ಕೂ ಬಗ್ಗಲಿಲ್ಲ. ಎಂಟು ದಿನವಾದ ಮೇಲೆ ಸಾವ್ಕಾರರು ಟೆಂಪೋ ತಂದು, ಚಹಾ ಅಂಗಡಿಯ ಮಂದಿ ನೋಡುತ್ತಿರುವಾಗಲೇ ಹೇಳಿದರು.

"ಕಾಶಪ್ಪ, ನಿನ್ನ ಶಿಷ್ಯನ ಕಡಿ ಒಯ್ತೀನಿ. ಮನಸಿಗಿ ಹಚ್ಕೋಬ್ಯಾಡ."

ಹಚ್ಚಿಕೊಳ್ಳದೆ ಹೇಗಿರಲಿ.

ಮಲ್ಲಿನಾಥ ಫೋನ್ ಮಾಡಿ ಏನೇನು ಮಾಡಿದ್ದೀರಿ ಎಂದು ಮರ್ಯಾದೆಯಿಂದಲೇ ಕೇಳಿದ. ಎಲ್ಲ ಹೇಳಿದೆ, ಆಯಿಲ್ ಹೊಸದೇ ಇದೆ ಎಂದೂ ಹೇಳಿದೆ. ಅವನು ಹೈದರಾಬಾದಿನಿಂದ ಹೊಸ ಪ್ಲೇಟು, ಹೊಸ ಸ್ಪ್ರಿಂಗ್ ತರಿಸಿ ಹಾಕಿದ. ಆದರೂ ಕ್ಲಚ್ ಹಿಡಿಯಲಿಲ್ಲ. ಈ ಸುದ್ದಿ ಗುರುವಾರ ನನಗೆ ಮುಟ್ಟಿತು. ನಾನು ಅವತ್ತು ಬಂದವರಿಗೆಲ್ಲ ಚಹಾ ಕುಡಿಸಿದೆ. ಮನೆಯಲ್ಲಿ ಹೆಂಡತಿಗೂ ನಗುತ್ತ ಹೇಳಿದೆ. ಅವಳು ಹಿಟ್ಟು ನಾದುತ್ತಲೇ ಅಂದಳು, "ನಿಮ್ಮ ಕೈಯಾಗೇ ಕಲ್ತಾನ. ಅವಗ ಬರಲಿಲ್ಲ ಅಂದ್ರ ಯಾರಿಗಿ ನಗಬೇಕ್ರಿ?"

ಶುಕ್ರವಾರ ಅಂಗಡಿ ಗುಡಿಸುವಾಗ ಆ ಆಯಿಲ್‌ನ ಖಾಲಿ ಡಬ್ಬಿ ಕೈಗೆ ಸಿಕ್ಕಿತು. ಹತ್ತನೇ ಪರೀಕ್ಷೆಗೆ ಓದಿದ ಮೇಲೆ ಇಂಗ್ಲಿಷ್ ಅಕ್ಷರ ಕಂಡಲ್ಲಿ ಕೂಡಿಸಿ ಓದುವ ಚಟ ನನಗೆ ಬಂದಿತ್ತು. ಡಬ್ಬಿಯ ಹಿಂದೆ ಇರುವೆಯಂಥ ಅಕ್ಷರಗಳಲ್ಲಿ ಬರೆದಿತ್ತು: ಇದು ಕಾರಿಗೆ ಮಾತ್ರ, ಆಯಿಲ್ ಒಳಗೆ ಕ್ಲಚ್ ಇರುವ ಬೈಕುಗಳಿಗೆ ಹಾಕಬಾರದು. ಎರಡು ಸಲ ಓದಿದೆ.

ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತವೆ. ಕಾರಿನ ಕ್ಲಚ್‌ಗೆ ಆಯಿಲ್ ತಾಗುವುದೇ ಇಲ್ಲ. ಹಾಗಾಗಿ ಕಾರಿನ ಆಯಿಲ್‌ಗೆ ನುಣುಪು ಹೆಚ್ಚು. ಒಂದನ್ನೊಂದು ಹಿಡಿಯಬೇಕಾದ ಪ್ಲೇಟುಗಳು ಅದರಲ್ಲಿ ಜಾರುತ್ತವೆ. ಇಪ್ಪತ್ತು ವರ್ಷ ಬೈಕಿಗೆ ಬೈಕಿನ ಆಯಿಲನ್ನೇ ಹಾಕುತ್ತ ಬಂದವನು ನಾನು. ಯಾಕೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎಟಿವಿಗೆ ಗಾಲಿ ನಾಲ್ಕಿದ್ದರೂ ಹೊಟ್ಟೆ ಬೈಕಿನದೇ ಎಂಬುದು ನನಗೆ ಹೊಳೆಯಲಿಲ್ಲ.

ಫೋನ್ ಕಿಸೆಯಲ್ಲೇ ಇತ್ತು. ಒಂದು ಮಾತು ಸಾಕಾಗುತ್ತಿತ್ತು. ನಾನು ಡಬ್ಬಿಯನ್ನು ಟೈರುಗಳ ಹಿಂದೆ ಸರಿಸಿದೆ. ಒದ್ದಾಡಲಿ, ಅವನಿಗೂ ಬರುವುದಿಲ್ಲ ಎಂದು ನಾಲ್ಕು ಮಂದಿಗೆ ಗೊತ್ತಾಗಲಿ ಎಂದುಕೊಂಡೆ. ಶನಿವಾರವೂ ಸುಮ್ಮನಿದ್ದೆ.

ರವಿವಾರ ಸಂಜೆ ಸಾವ್ಕಾರರು ಬಂದರು. ಸಿಟ್ಟಿನಲ್ಲಿದ್ದರು.

"ನಿನ್ನ ಶಿಷ್ಯ ಡುಪ್ಲಿಕೇಟ್ ಪ್ಲೇಟ್ ಹಾಕ್ಯಾನ. ಇಲ್ಲಿಂದ ಕಲಬುರಗಿ ತನಕ ಎಲ್ಲರಿಗೂ ಹೇಳವನೇ ನಾ. ನಿನಗೇನ್ ಅನಸ್ತದ?"

ಬೆಂಚಿನ ಮೇಲೆ ಮೂರ್ನಾಲ್ಕು ಮಂದಿ ಕುಳಿತಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೌದೆನ್ನುವ ಹಾಗೆ ತಲೆ ಆಡಿಸಿದೆ. ಬಾಯಿಂದ ಏನೂ ಅನ್ನಲಿಲ್ಲ, ತಲೆ ಮಾತ್ರ ಆಡಿಸಿದೆ. ಬೆಂಚಿನ ಮೇಲಿದ್ದ ಒಬ್ಬ, "ಜಗತ್‌ದಾಗ ಅಂಗಡಿ ಆದ ಮ್ಯಾಲ ಮಂದಿ ಹಂಗೇ ಬಿಡ್ರಿ" ಎಂದ.

ಮಲ್ಲಿನಾಥ ಡುಪ್ಲಿಕೇಟ್ ಸಾಮಾನು ಮುಟ್ಟುವವನಲ್ಲ. ತೆಗೆದ ಹಳೆಯ ಸಾಮಾನನ್ನು ಪೇಪರಿನಲ್ಲಿ ಕಟ್ಟಿ ಗಿರಾಕಿಯ ಕೈಗೇ ಕೊಡುವವನು. ಅದು ನನ್ನಷ್ಟು ಚೆನ್ನಾಗಿ ಆ ಬೆಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೆ ಕೆಲಸ ಬರುವುದಿಲ್ಲ ಎಂದು ಮಂದಿ ಆಡಿಕೊಂಡರೆ ನನಗೆ ಖುಷಿಯಾಗುತ್ತಿತ್ತು. ಆದರೆ ಕಳ್ಳ ಎಂಬ ಹೆಸರು ಹತ್ತಿದರೆ ಗ್ಯಾರೇಜ್ ಮುಚ್ಚಬೇಕಾಗುತ್ತದೆ. ಅಂದು ಊಟ ಸೇರಲಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಕಲಬುರಗಿಗೆ ಹೋದೆ, ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡು. ಮಲ್ಲಿನಾಥ ಎಟಿವಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದ. ಕ್ಲಚ್ಚನ್ನು ಮೂರನೆಯ ಸಲ ಬಿಚ್ಚಿದ್ದ. ಬದಿಯಲ್ಲಿ ಸ್ವಚ್ಛವಾದ ಬಕೆಟ್ಟಿನಲ್ಲಿ ನಾನು ಹಾಕಿದ್ದ ಅದೇ ಆಯಿಲ್. ಮೇಲೆ ಬಿಳಿ ಬಟ್ಟೆ ಕಟ್ಟಿ ಸೋಸಿ ಇಟ್ಟಿದ್ದ, ಮತ್ತೆ ತುಂಬುವುದಕ್ಕೆ.

ಇದನ್ನು ಯಾಕೆ ಚೆಲ್ಲಲಿಲ್ಲ ಎಂದು ಕೇಳಿದೆ.

"ನೀವೇ ಹಾಕಿದ್ದಲ್ರಿ ಉಸ್ತಾದ್. ಹೊಸ ಆಯಿಲ್ ಚೆಲ್ಲಬಾರದು, ಸೋಸಿ ಹಾಕಬೇಕು ಅಂತ ನೀವೇ ಕಲಿಸೀರಿ."

ಬೇರೆ ಯಾರು ಹಾಕಿದ್ದರೂ ಅವನು ಮೊದಲ ದಿನವೇ ಅದನ್ನು ಚೆಲ್ಲಿಬಿಡುತ್ತಿದ್ದ. ನಾನು ಡಬ್ಬಿ ತೆಗೆದು ಅವನ ಕೈಗೆ ಕೊಟ್ಟು ನನ್ನಿಂದಾದ ತಪ್ಪನ್ನು ಹೇಳಿದೆ. ಅವನು ತಿರುಗಿಸಿ ಓದಿದ.

"ಯಾವಾಗ ಗೊತ್ತಾತ್ರಿ?"

ಈಗಷ್ಟೇ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಶುಕ್ರವಾರ" ಎಂದೆ.

ಅವನು ಬಕೆಟ್ ಎತ್ತಿ ಆ ಆಯಿಲನ್ನೆಲ್ಲ ಹಳೆಯ ಡ್ರಮ್ಮಿಗೆ ಸುರಿದ. ಇಬ್ಬರೂ ಕೂಡಿ ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಒರೆಸಿದೆವು. ಬೈಕಿನ ಆಯಿಲ್ ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ತೆಗೆದು ಇನ್ನೊಮ್ಮೆ ತುಂಬಿದೆವು. ಮಧ್ಯಾಹ್ನ ಅವನು ಗೇರ್ ಹಾಕಿ ಕ್ಲಚ್ ಬಿಟ್ಟಾಗ ಗಾಡಿ ಬಾಣದ ಹಾಗೆ ಓಣಿಯ ತುದಿಗೆ ಹೋಯಿತು.

ಸಂಜೆ ಸಾವ್ಕಾರರು ಬಂದು ಓಡಿಸಿ ನೋಡಿದರು. ಏನಾಗಿತ್ತು ಎಂದರು. ಆಯಿಲ್ ತಪ್ಪಿತ್ತು ಎಂದ ಮಲ್ಲಿನಾಥ. ಯಾರ ತಪ್ಪು ಎಂದು ಅವರು ಕೇಳಿದಾಗ ಅವನು ಕೈ ಒರೆಸಿಕೊಳ್ಳುತ್ತ ನಿಂತ. ನನ್ನ ಹೆಸರು ಹೇಳಲಿಲ್ಲ, ನನ್ನ ತಪ್ಪನ್ನು ಮುಚ್ಚಿಡಲೂ ಇಲ್ಲ.

"ನಂದ್ರಿ ಸಾವ್ಕಾರ್ರ," ಎಂದೆ. "ಪ್ಲೇಟು ಅಸಲಿನೇ ಅವ. ನಿನ್ನೆ ನಾ ತಲಿ ಆಡಿಸಿದ್ದು ಸುಳ್ಳು."

ಮರುದಿನ ಬೆಂಚಿನವರಿಗೂ ಅದನ್ನೇ ಹೇಳಿದೆ. ಕೆಲವರು ನಕ್ಕರು. ಕೆಲವು ಗಿರಾಕಿಗಳು ಮತ್ತೆ ಬರಲೇ ಇಲ್ಲ.

ಆ ಸೋಮವಾರ ಸಂಜೆ ಮಲ್ಲಿನಾಥ ನನ್ನನ್ನು ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಿಟ್ಟ. ಬಸ್ ಹತ್ತುವಾಗ ಕೇಳಿದ, "ಶುಕ್ರವಾರದಿಂದ ಹ್ಯಾಂಗ ಇದ್ರಿ ಉಸ್ತಾದ್, ಮನಸಿನಾಗ ಇಟ್ಕೊಂಡು?" ವ್ಯಂಗ್ಯವಿರಲಿಲ್ಲ, ಖರೇನೇ ಕೇಳಿದ. ನಾನು ಭಾಳ ತ್ರಾಸಾಯಿತು, ಸಂಕಟವಾಯಿತು ಎಂದೆ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗಲೂ ಅವನ ಗ್ಯಾರೇಜಿನ ಮಾತು ಬಂದರೆ ನನ್ನ ಕೈಯಲ್ಲಿನ ಪಾನಾ ಒಂದು ಗಳಿಗೆ ನಿಲ್ಲುತ್ತದೆ. ಆದರೆ ಅವತ್ತು ಅವನಿಗೆ ಕೊಟ್ಟ ಉತ್ತರ ಅದಕ್ಕಿಂತ ಹೆಚ್ಚು ಚುಚ್ಚುತ್ತದೆ. ಅವನಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶುಕ್ರವಾರ ರಾತ್ರಿ ಮತ್ತು ಶನಿವಾರ ರಾತ್ರಿ ನನಗೆ ಯಾವ ತ್ರಾಸೂ ಆಗಿರಲಿಲ್ಲ. ಎಷ್ಟೋ ದಿನಗಳ ಮೇಲೆ ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ ಹತ್ತಿತ್ತು.