ದೀಪದ ಮ್ಯಾಲಿನ ಎಸಿ

“ಯಾರ ಜೋಡಿನೂ ಜಗಳಾ ತಗೀಬ್ಯಾಡ್ರಿ.” ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು. ಅಕಿ ಹೋದ ಮೇಲೆ ನಾನು ಹಿಡಿದ ಮೊದಲ ರಿಪೇರಿ ಕೆಲಸ ಅಮರಗೋಳದ ಒಂದು ಕಾಳಿನ ಅಂಗಡಿಯದು. ಎಸಿ ತಂಪು ಕೊಡುತ್ತಿಲ್ಲ ಅಂತ ಗುರುತಿನ ಸಾವಕಾರರು ಕರೆದಿದ್ದರು.

ಎಸಿ ಹಳೆಯದು. ಅದರ ಗ್ಯಾಸು ಈಗ ತುಟ್ಟಿ. ಹಿಂದೆ ಬಂದ ಮೆಕ್ಯಾನಿಕ್ ಅದರ ಬದಲಿಗೆ ಅಡಿಗಿ ಗ್ಯಾಸಿನಂತೆ ಹೊತ್ತಿಕೊಳ್ಳುವ ಗ್ಯಾಸು ತುಂಬಿ ಹೋಗಿದ್ದ. ಅದು ಕೋಣೆಯೊಳಗೇ ಸೋರುತ್ತಿತ್ತು. ಎಸಿಯ ಕೆಳಗೇ ದೇವರ ಜಗಲಿ, ಅದರ ಮೇಲೆ ಹಗಲೂ ರಾತ್ರಿ ಉರಿಯುವ ದೀಪ. ದೀಪದ ಬಾಜೂಕ ಗುಮಾಸ್ತರು ಕೂತಿದ್ದರು. ನಾನು ಕಿಡಕಿ ತೆರೆದು ದೀಪ ಶಾಂತ ಮಾಡಿದೆ.

“ನಮ್ಮಪ್ಪನ ಕಾಲದ ದೀಪ! ಆರಿಸಾಕ ನೀ ಯಾಂವಪಾ?”

“ಸಾವಕಾರ್ರ, ಈ ಗ್ಯಾಸಿಗೆ ಬೆಂಕಿ ಹತ್ತತೈತ್ರಿ. ಪೂರಾ ತಗದು ಬೆಂಕಿ ಹತ್ತಲಾರದ್ದು ಹಾಕೂಣ್ರಿ. ಮಷೀನ್ ಒಳಗಿನ ಎಣ್ಣಿನೂ ಬದಲಿ ಮಾಡಬೇಕು. ಎರಡು ದಿನ ಎಸಿ ಬಂದ್ ಇರತೈತಿ.”

“ಇಷ್ಟ ದಿನ ಏನಾಗೇತಿ? ಸುಮ್ನ ಅದ ಗ್ಯಾಸು ತುಂಬು. ಹೆಂಡತಿ ಸತ್ತಾಗಿಂದ ನಿನಗ ಎಲ್ಲಾರೂ ಸಾಯೋರಂಗ ಕಾಣಾಕತ್ತಾರ.”

ಜಗಳಾ ತಗೀಬ್ಯಾಡ್ರಿ ಅಂದಿದ್ದಳು ಅಕಿ. ನಟ್ಟು ಬಿಚ್ಚುವ ಪಾನಾ ಚೀಲಕ್ಕೆ ಹಾಕಿಕೊಂಡು ಎದ್ದೆ. ಹೊರಬರುವಾಗ ಹಿಂದೆ ಕಡ್ಡಿ ಗೀರಿದ ಸಪ್ಪಳ ಕೇಳಿತು. ಮನಿಗೆ ಬಂದರೂ ಗುಮಾಸ್ತರ ಮಾರಿ ಕಣ್ಣ ಮುಂದಿನಿಂದ ಸರಿಯಲಿಲ್ಲ.

ಮರುದಿನ ಮುಂಜಾನೆ ಅಂಗಡಿ ತೆರೆಯುವ ಮೊದಲೇ ಹೋದೆ. ಹಿತ್ತಲ ಗೋಡೆಯ ಮೇಲಿದ್ದ ಹೊರಗಿನ ಯುನಿಟ್ಟಿನ ವಾಲ್ವ್ ಬಿಚ್ಚಿ, ಉಳಿದ ಗ್ಯಾಸನ್ನೆಲ್ಲ ಬಯಲಿಗೆ ಬಿಟ್ಟೆ. ದೀಪ ಉರೀಲಿ, ಸಾವಕಾರ ಬೆವರಲಿ.