ಗೊಲ್ಲಪ್ಪನ ಕಂಬಳಿ ತುಂಡು

ಐಮಂಗಲದ ಹೆದ್ದಾರಿ ಪಕ್ಕದ ಇನ್ಸುಲೇಟರ್ ಕಾರ್ಖಾನೆಯಲ್ಲಿ ಗೊಲ್ಲಪ್ಪನದು ಒರೆಸುವ ಕೆಲಸ. ಇನ್ಸುಲೇಟರ್ ಎಂದರೆ ಕರೆಂಟು ತಂತಿಯಿಂದ ಕಂಬಕ್ಕೆ ಹರಿಯದಂತೆ ನಡುವೆ ನಿಂತು ತಡೆಯುವ ದಂಡ. ಪರೀಕ್ಷೆಗೆ ಹೋಗುವ ಪ್ರತಿಯೊಂದನ್ನೂ ಅವನು ಅಪ್ಪನ ಕಾಲದ ಕಂಬಳಿ ತುಂಡಿನಿಂದ ತಿಕ್ಕಿ ಹೊಳೆಯಿಸುತ್ತಿದ್ದ. ಕಾರ್ಖಾನೆಯವರು ಕೊಟ್ಟ ಬಟ್ಟೆ ಅವನ ಲೆಕ್ಕದಲ್ಲಿ ಬಟ್ಟೆಯೇ ಅಲ್ಲ. ದೇವರನ್ನೇ ಕಂಬಳಿ ಮೇಲೆ ಕೂರಿಸುವ ಹಟ್ಟಿಯವನು, ಅದಕ್ಕಿಂತ ಮಡಿಯಾದದ್ದು ಎಲ್ಲಿಂದ ತಂದಾನು?

ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಆಗಬೇಕೆಂಬುದೊಂದೇ ಆಸೆ. ಕೇಳಿದಾಗಲೆಲ್ಲ ಸಾಹೇಬರು, "ಒರೆಸೋ ಕೆಲ್ಸಕ್ಕೆ ಹುದ್ದೆ ಎಲ್ಲೈತಪ್ಪ?" ಎನ್ನುತ್ತಿದ್ದರು. ಅವನು ಹೋಗಿ ಇನ್ನೂ ಜೋರಾಗಿ ಒರೆಸುತ್ತಿದ್ದ. ಶ್ರದ್ಧೆ ಮೇಲಿನವರ ಕಣ್ಣಿಗೆ ಬಿದ್ದೇ ಬೀಳುತ್ತದೆಂದು ನಂಬಿದ ಪಾಪದ ಮನುಷ್ಯ.

ಈ ವರ್ಷ ಪಿಂಗಾಣಿ ಹೋಗಿ ರಬ್ಬರಿನ ಇನ್ಸುಲೇಟರ್ ಬಂತು. ಬಂದದ್ದೇ ತಡ, ಪರೀಕ್ಷೆಗಳು ಕೈಕೊಟ್ಟವು. ತಡೆಯಬೇಕಾದ ವೋಲ್ಟೇಜು ಮುಟ್ಟುವ ಮೊದಲೇ ಫಳ್ಳೆಂದು ಕಿಡಿ ದಂಡದ ಮೈಮೇಲೆ ಈ ತುದಿಯಿಂದ ಆ ತುದಿಗೆ ಹಾರುತ್ತಿತ್ತು. ಕಾರಣ ಹುಡುಕಲು ಚಿತ್ರದುರ್ಗದಿಂದ ಸುಪ್ರಿಯಾ ಎಂಬ ಇಂಜಿನಿಯರ್ ಬಂದಳು. ಗೊಲ್ಲಪ್ಪ ಅವಳಿಗಾಗಿ ಒಂದನ್ನು ಎರಡು ಪಟ್ಟು ತಿಕ್ಕಿಟ್ಟ. ಅದೇ ಎಲ್ಲಕ್ಕಿಂತ ಮೊದಲು ಕಿಡಿ ಹಾರಿಸಿತು. ಮೂಲೆಯಲ್ಲಿ ಅವನು ಮರೆತಿದ್ದ ಧೂಳು ಹಿಡಿದ ದಂಡ ಸಲೀಸಾಗಿ ಪಾಸಾಯಿತು.

"ಗೊಲ್ಲಪ್ಪಣ್ಣ, ಕೈಯಾಗ ಏನೈತೆ?"

"ಕಂಬ್ಳಿ ಮೇಡಂ. ನಮ್ಮಪ್ಪಂದು."

ಅವಳು ಅವನ ಕೈಯಲ್ಲೇ ಇನ್ನೊಂದು ದಂಡ ತಿಕ್ಕಿಸಿ, ಅದನ್ನು ಅವನ ಮೊಣಕೈ ಹತ್ತಿರ ಹಿಡಿದಳು. ರೋಮಗಳು ಎದ್ದು ನಿಂತವು. "ನೋಡ್ರಿ, ಉಣ್ಣೆ ತಿಕ್ಕಿದ್ರೆ ರಬ್ಬರಿನ ಮೈಮ್ಯಾಲೆ ಚಾರ್ಜ್ ಕುಂತ್ಕಳ್ತೈತೆ. ಹರಿದು ಹೋಗಾಕೆ ದಾರಿ ಇಲ್ಲ, ಅಲ್ಲೇ ಇರ್ತೈತೆ. ವೋಲ್ಟೇಜ್ ಏರಿಸಿದಾಗ ಕಿಡಿಗೆ ಅದೇ ದಾರಿ ಮಾಡ್ಕೊಡ್ತೈತೆ."

ಗೊಲ್ಲಪ್ಪನಿಗೆ ನಾಚಿಕೆಯಾಯಿತು. ಕಾಯಂ ಹಾಗಿರಲಿ, ಇದ್ದ ಕೂಲಿಗೂ ಕಲ್ಲು ಬಿತ್ತೆಂದುಕೊಂಡು ಕಂಬಳಿ ಮಡಚಿ ಹೆಗಲಿಗೆ ಹಾಕಿಕೊಂಡ.

ಆದರೆ ಸುಪ್ರಿಯಾ ತನ್ನ ಮಾತನ್ನು ಮೇಲಿನವರಿಗೆ ಪದೇ ಪದೇ ಮಾಡಿ ತೋರಿಸಬೇಕಿತ್ತು. ಯಂತ್ರದಲ್ಲಿ ತಿಕ್ಕಿಸಿದರೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಸಾಹೇಬರೇ ತೋಳು ಮಡಚಿ ತಿಕ್ಕಿದರು, ಬೆವರು ಬಂತು, ಚಾರ್ಜ್ ಬರಲಿಲ್ಲ. ಗೊಲ್ಲಪ್ಪನ ಕೈ ಮಾತ್ರ ಪ್ರತಿ ಸಲವೂ ಒಂದೇ ಸಮ ಕೆಡಿಸುತ್ತಿತ್ತು. ಹೊಸ ಮಾಲು ಬಂದಾಗಲೆಲ್ಲ ಒಂದೆರಡನ್ನು ಹೀಗೆ ಕೆಡಿಸಿ, ಎಷ್ಟು ತಾಳುತ್ತದೆಂದು ನೋಡಿಯೇ ಉಳಿದದ್ದನ್ನು ಕಳಿಸಬೇಕೆಂದು ಅವಳು ವರದಿಯಲ್ಲಿ ಬರೆದಳು. ತಿಂಗಳೊಳಗೆ ಕಾಯಂ ಆದೇಶ ಬಂತು. ಹುದ್ದೆ: ದೋಷ ಸೃಷ್ಟಿ ಸಹಾಯಕ.

ಮನೆಯಲ್ಲಿ ಹೆಂಡತಿ ಜುಂಜಮ್ಮ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಅಂದ್ರೆ ಏನ್ ಕೆಲ್ಸ?"

"ಚೆನ್ನಾಗಿರೋದನ್ನ ಕೆಡ್ಸೋದು."

"ಮತ್ತೆ ಒರೆಸೋದು?"

"ಅದಕ್ಕೆ ಒದ್ದೆ ಬಟ್ಟೆ ಕೊಟ್ಟು ಒಬ್ಬ ದಿನಗೂಲಿಯವನ್ನ ಇಟ್ಕಂಡವ್ರೆ. ಇವತ್ತು ಬಂದು ನನ್ನೇ ಕೇಳಿದ, ಅಣ್ಣ ನಂದು ಯಾವಾಗ ಕಾಯಂ ಆಗ್ತೈತೆ ಅಂತ."

"ನೀನೇನಂದಿ?"

ಗೊಲ್ಲಪ್ಪ ಕಾಗದವನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡ.

"ಒರೆಸೋ ಕೆಲ್ಸಕ್ಕೆ ಹುದ್ದೆ ಎಲ್ಲೈತಪ್ಪ ಅಂದೆ."